ಪಟ್ಟಿಯಲ್ಲಿ ನಾನು ಹೊಡೆದುಹಾಕಿದ ಎರಡು ಸಾಲು

ನಮ್ಮ ಅತ್ತಿಗೆಯ ಕಂಪ್ಯೂಟರಿಗೆ ಎರಡನೇ ಹಾರ್ಡ್ ಡಿಸ್ಕ್ ಬೇಡ ಎಂದು ಹೇಳಿದವನು ನಾನು. ಬೇಕು ಎಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಹೇಳಿದೆ ಎಂದು ಅತ್ತಿಗೆ ಇಷ್ಟು ವರ್ಷದಿಂದ ನಂಬಿದ್ದಾರೆ, ಅಣ್ಣ ನಂಬಿದ್ದಾನೆ — ನಂಬಿಕೊಂಡಿರಲಿ ಎಂದು ನಾನೂ ಸುಮ್ಮನಿದ್ದೆ. ತಿಳಿಯದೆ ಮಾಡಿದ ತಪ್ಪಿಗೆ ಜನ ಬೇಗ ಮಾಫಿ ಕೊಡುತ್ತಾರೆ. ಆ ಮಾಫಿಯನ್ನು ನಾನು ಕದ್ದು ಇಟ್ಟುಕೊಂಡಿದ್ದೇನೆ.

ಅತ್ತಿಗೆ ಎಂದರೆ ಮಂಜುಳ ಅತ್ತಿಗೆ, ನನ್ನ ಅಣ್ಣನ ಹೆಂಡತಿ. ತಿ. ನರಸೀಪುರದಲ್ಲಿ ಅಣ್ಣನದೊಂದು ಸಣ್ಣ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಅವನು ಹೋಗಿ ಶೂಟಿಂಗ್ ಮಾಡಿಕೊಂಡು ಬರುತ್ತಾನೆ, ಅತ್ತಿಗೆ ಕೂತು ಎಡಿಟಿಂಗ್ ಮಾಡುತ್ತಾರೆ. ಯಾರೂ ಕಲಿಸಿದ್ದಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅಣ್ಣನ ಪಕ್ಕ ಕೂತು ನೋಡಿ ನೋಡಿ, ಒಂದು ವರ್ಷದೊಳಗೆ ಅಣ್ಣನನ್ನೇ ಕುರ್ಚಿಯಿಂದ ಎಬ್ಬಿಸಿದರು.

ನಮ್ಮ ಕಡೆ ಮದುವೆ ವಿಡಿಯೋ ಎಂದರೆ ಸಿನಿಮಾ ಅಲ್ಲ, ಹಾಜರಿ. ಸ್ಟೇಜು ಹತ್ತಿ ಮುಯ್ಯಿ ಕೊಟ್ಟವರ ಮುಖ ಒಂದೂ ಬಿಡುವ ಹಾಗಿಲ್ಲ. ಬೀಗರೂಟದ ಪಂಕ್ತಿಯಲ್ಲಿ ಕೂತವರೂ ಬರಬೇಕು. ಯಾರದಾದರೂ ಮುಖ ಬಿಟ್ಟುಹೋದರೆ 'ಬೇಕೂಂತಲೇ ತೆಗೆಸಿದ್ದಾರೆ' ಎಂಬ ಮಾತು ಹುಟ್ಟುತ್ತದೆ, ಆ ಮಾತಿಗೆ ಮನೆಗಳೇ ಮುರಿಯುತ್ತವೆ. ಹಾಗಾಗಿ ಇಲ್ಲಿ ಎಡಿಟಿಂಗ್ ಮಾಡುವವರು ಕತ್ತರಿಸುವುದಕ್ಕಿಂತ ಕಾಪಾಡುವುದೇ ಹೆಚ್ಚು. ನಾಲ್ಕೈದು ಗಂಟೆಯ ವಿಡಿಯೋ. ಅಂಥ ಉದ್ದದ ಕೆಲಸಕ್ಕೆ ಬೇಕಾದ್ದು ದಂಡಿಯಾಗಿ ಮೆಮೊರಿ, ಮತ್ತು ಇದ್ದದ್ದನ್ನು ಎರಡು ಕಡೆ ಇಡಲು ಎರಡು ಡಿಸ್ಕ್. ಇದನ್ನು ತಿಳಿಯಲು ದೊಡ್ಡ ಓದೇನೂ ಬೇಡ.

ನನಗೆ ಆಗ ಇಪ್ಪತ್ತನಾಲ್ಕು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ, ಊರೊಳಗೆ ಗೆಳೆಯರ ಜೊತೆ ಒಂದು ರೂಮು. ಗೇಮಿನ ಹುಚ್ಚು ಹತ್ತಿದ್ದ ಕಾಲ. ರೂಮಿನಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ ನಾನು ಬಂದೂಕು ಎತ್ತುವಷ್ಟರಲ್ಲಿ ಎದುರಾಳಿ ನನ್ನನ್ನು ಕೊಂದು ಮುಂದೆ ಹೋಗಿರುತ್ತಿದ್ದ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಒಂದಿದ್ದರೆ ನಾನು ಏನೇನೋ ಆಗಿಬಿಡುತ್ತೇನೆ ಎಂದು ನಿಜವಾಗಿಯೂ ನಂಬಿದ್ದೆ. ಮನೆಯಲ್ಲಿ ಮಾತ್ರ ನನಗೆ ಬೇರೆ ಹೆಸರು — ಕಂಪ್ಯೂಟರ್ ಗೊತ್ತಿರೋ ಮಾದೇಶ.

ಮೈಸೂರಿನ ಒಂದು ದೊಡ್ಡ ಸ್ಟುಡಿಯೋ ತನ್ನ ಎಡಿಟಿಂಗ್ ಕೆಲಸವನ್ನೆಲ್ಲ ಅತ್ತಿಗೆಗೆ ಕೊಡಲು ಒಪ್ಪಿದಾಗ ಅತ್ತಿಗೆ ನನ್ನನ್ನು ಕರೆದರು. ಕಂಪ್ಯೂಟರಿಗೆಂದು ಚೀಟಿ ಎತ್ತಿ ದುಡ್ಡು ಹೊಂದಿಸಿದ್ದರು. ಲಗ್ನಪತ್ರಿಕೆಯ ಒಂದು ಕವರನ್ನು ತಿರುಗಿಸಿ, ಪೆನ್ನು ಮುಂದಿಟ್ಟರು. "ನೀನೇ ಪಟ್ಟಿ ಬರೀ ಮಾದೇಶ. ಏನೇನು ಬೇಕೋ ನಂಗೆ ತಿಳಿಯಲ್ಲ. ಕೆಲ್ಸ ಮಧ್ಯ ನಿಲ್ಬಾರ್ದು, ಮಾಡಿದ್ದು ಕಳೀಬಾರ್ದು. ಅಷ್ಟೇ."

ನಾನು ಮೊದಲು ಬರೆದ ಪಟ್ಟಿ ಸರಿಯಾಗಿಯೇ ಇತ್ತು. ಇದನ್ನು ಒತ್ತಿ ಹೇಳಬೇಕು. ಪ್ರೊಸೆಸರ್, ಮದರ್‌ಬೋರ್ಡ್, ಮೂವತ್ತೆರಡು ಜಿಬಿ ಮೆಮೊರಿ, ಎರಡು ಡಿಸ್ಕ್, ಕೆಲಸಕ್ಕೆ ಸಾಕಾಗುವಷ್ಟು ಸಾಧಾರಣ ಗ್ರಾಫಿಕ್ಸ್ ಕಾರ್ಡ್. ಬರೆದು ಮುಗಿಸಿ, ನೋಡುತ್ತ ಕೂತೆ. ಅತ್ತಿಗೆ ಒಳಗೆ ಕಾಫಿ ಮಾಡುತ್ತಿದ್ದರು. ಡಿಕಾಕ್ಷನ್ನಿನ ವಾಸನೆ ಬರುತ್ತಿತ್ತು. ಅವರು ಕಾಫಿ ತರುವಷ್ಟರೊಳಗೆ ಎರಡು ಸಾಲು ಹೊಡೆದುಹಾಕಿದೆ — ಮೆಮೊರಿಯನ್ನು ಕಾಲು ಭಾಗಕ್ಕೆ ಇಳಿಸಿದೆ, ಎರಡನೇ ಡಿಸ್ಕನ್ನು ತೆಗೆದೆ. ಉಳಿದ ದುಡ್ಡಿಗೆಲ್ಲ ನನ್ನ ಕನಸಿನ ಕಾರ್ಡನ್ನು ಬರೆದೆ. ಆಗ ಏನು ಯೋಚಿಸಿದೆ ಎಂದು ಈಗ ಎಷ್ಟು ಕೆದಕಿದರೂ... ಯೋಚಿಸಲೇ ಇಲ್ಲ ಎನ್ನುವುದು ಸುಳ್ಳು. ಯೋಚಿಸಿದೆ, ಬರೆದೆ.

"ಇನ್ನೊಂದು ಡಿಸ್ಕ್ ಬರ್ದು ಹೊಡ್ದಿದ್ದೀಯಲ್ಲ, ಬೇಡ್ವಾ?" ಎಂದರು ಅತ್ತಿಗೆ.

"ಬೇಡ ಅತ್ಗೆ. ಹೊಸದು, ಎಲ್ಲೂ ಹೋಗಲ್ಲ. ಈ ಕಾರ್ಡ್ ಇಲ್ದಿದ್ರೆ ಮಾತ್ರ ಎಡಿಟಿಂಗೇ ಆಗಲ್ಲ."

ಈ ಎರಡು ಮಾತು ಹೇಳಲು ನನಗೆ ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಮೈಸೂರಿನ ಅಂಗಡಿಯವನೂ ಕೇಳಿದ: "ಎಡಿಟಿಂಗ್‌ಗೆ ಅಂತೀರಿ, ಒಂದೇ ಡಿಸ್ಕಾ ಸಾ?" ಮನೆಯಲ್ಲಿ ಇನ್ನೊಂದಿದೆ ಎಂದೆ. ಅತ್ತಿಗೆ ಆಚೆ ಕಡೆ, ಎಲ್ಲವನ್ನೂ ಒಳಗೆ ಜೋಡಿಸಿಡಲು ಧೂಳು ಕೂರದಂಥ ಕ್ಯಾಬಿನೆಟ್ ಹುಡುಕುತ್ತಿದ್ದರು. ಅದನ್ನೂ ಬೇಡ ಎನ್ನಿಸಿ, ಪಕ್ಕಕ್ಕೆ ಗಾಜಿರುವ, ಒಳಗೆ ಬಣ್ಣಬಣ್ಣದ ದೀಪ ಉರಿಯುವ ಕ್ಯಾಬಿನೆಟ್ ಕೊಡಿಸಿದೆ. ಆಯುಧಪೂಜೆಗೆ ಅತ್ತಿಗೆ ಆ ಗಾಜಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, "ನಮ್ಮ ಮೈದುನ ಜೋಡ್ಸಿಕೊಟ್ಟಿದ್ದು" ಎಂದು ಬಂದವರಿಗೆಲ್ಲ ತೋರಿಸಿದರು. ನಾನು ಮಂಡಕ್ಕಿ ತಿನ್ನುತ್ತ ಹೆಮ್ಮೆಪಟ್ಟೆ.

ವಾರದ ರಜಕ್ಕೆ ನಂಜನಗೂಡಿನಿಂದ ಬಸ್ಸು ಹತ್ತಿ ಬರುತ್ತಿದ್ದೆ. ಅತ್ತಿಗೆ ತಮ್ಮ ಕೆಲಸ ನಿಲ್ಲಿಸಿ ಕುರ್ಚಿ ಬಿಟ್ಟುಕೊಡುತ್ತಿದ್ದರು. ಪಕ್ಕದಲ್ಲಿ ಕೂತು ಅವರೆಕಾಳು ಹಿತುಕುತ್ತ, "ಅಲ್ಲ ಕಣೋ, ಅವನು ನಿನಗೇನು ಮಾಡಿದ್ದ ಅಂತ ಹಂಗೆ ಗುಂಡು ಹೊಡೀತೀಯ?" ಎಂದು ಕೇಳುತ್ತಿದ್ದರು. ಉಳಿದ ದಿನಗಳಲ್ಲಿ ಅವರು ಏನು ಮಾಡುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಮೆಮೊರಿ ಸಾಲದೆ ಕಂಪ್ಯೂಟರ್ ನಿಂತು ನಿಂತು ಹೋಗುತ್ತಿತ್ತು. ಅದಕ್ಕೇ ಒಂದು ಮದುವೆಯನ್ನು ಅರ್ಧರ್ಧ ಗಂಟೆಯ ತುಂಡು ಮಾಡಿ, ಒಂದೊಂದನ್ನೇ ಮುಗಿಸಿ, ಕೊನೆಗೆ ಎಲ್ಲವನ್ನೂ ಜೋಡಿಸುತ್ತಿದ್ದರು. ಕೆಲಸ ಎಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದರು. ಸೊಂಟಕ್ಕೆ ದಿಂಬು ಕಟ್ಟಿಕೊಂಡು ಕೂರುತ್ತಿದ್ದರು.

ಎರಡನೇ ವರ್ಷ ಡಿಸ್ಕ್ ಹೋಯಿತು.

ಮುಡುಕುತೊರೆಯ ಪುಟ್ಟೇಗೌಡರ ಮಗಳ ಮದುವೆ ಅದರೊಳಗಿತ್ತು. ಕ್ಯಾಮೆರಾದ ಕಾರ್ಡುಗಳನ್ನು ಅಣ್ಣ ಆಗಲೇ ಅಳಿಸಿ ಇನ್ನೊಂದು ಮದುವೆಗೆ ತೆಗೆದುಕೊಂಡು ಹೋಗಿದ್ದ. ಮೈಸೂರಿನಲ್ಲಿ ಯಾರೋ ಡಿಸ್ಕ್ ಬಿಚ್ಚಿ ಮುಕ್ಕಾಲು ಪಾಲು ಉಳಿಸಿಕೊಟ್ಟರು. ಉಳಿಯದ ಕಾಲು ಪಾಲಿನಲ್ಲಿ ಪುಟ್ಟೇಗೌಡರ ಅಣ್ಣ ಸಿದ್ದೇಗೌಡರಿದ್ದರು. ನಾಲೆ ನೀರಿನ ಸರದಿಗೆ ಜಗಳವಾಗಿ, ಹೆಂಡತಿಯ ಊರು ತಾಂಡವಪುರಕ್ಕೆ ಹೋಗಿ ನೆಲೆಸಿ, ಹನ್ನೊಂದು ವರ್ಷ ತಮ್ಮನ ಮುಖ ನೋಡದಿದ್ದವರು. ಆ ಮದುವೆಗೆ ಯಾರೂ ನಿರೀಕ್ಷಿಸದೆ ಬಂದು, ಸ್ಟೇಜು ಹತ್ತಿ, ತಮ್ಮನ ಪಕ್ಕ ನಿಂತಿದ್ದರು. ಇಡೀ ಛತ್ರ ನೋಡಿತ್ತು.

ಉಳಿದದ್ದನ್ನೇ ಜೋಡಿಸಿ ಅತ್ತಿಗೆ ವಿಡಿಯೋ ಮಾಡಿಕೊಟ್ಟರು, ಡಿಸ್ಕ್ ಹೋದದ್ದನ್ನು ಪುಟ್ಟೇಗೌಡರಿಗೆ ಹೇಳಿಯೇ ಕೊಟ್ಟರು. ತಾಂಡವಪುರಕ್ಕೆ ಪೆನ್‌ಡ್ರೈವ್ ಹೋಯಿತು, ಆದರೆ ಈ ಸುದ್ದಿ ಹೋಗಲಿಲ್ಲ. ಸಿದ್ದೇಗೌಡರ ಮನೆಯವರು ಟಿವಿಗೆ ಹಾಕಿಕೊಂಡು ಆದಿಯಿಂದ ಅಂತ್ಯದವರೆಗೂ ನೋಡಿದರಂತೆ. ಬಂದವರೆಲ್ಲ ಇದ್ದಾರೆ, ಯಜಮಾನರಿಲ್ಲ. ಮಾರನೆಯ ದಿನವೇ ಪೆನ್‌ಡ್ರೈವ್ ತಮ್ಮನ ಮನೆಗೆ ವಾಪಸ್ ಬಂತು.

ಪುಟ್ಟೇಗೌಡರು ಸ್ಟುಡಿಯೋಗೆ ಬಂದು ಕೂಗಾಡಲಿಲ್ಲ. ಬೆಂಚಿನ ಮೇಲೆ ಕೂತು ಟವಲ್ಲಿನಲ್ಲಿ ಮುಖ ಒರೆಸಿಕೊಂಡರು. "ನಾನೇ ತೆಗಸ್ದೆ ಅಂತವ್ನೆ ಕನವ್ವ ನಮ್ಮಣ್ಣ. ಬಂದಿದ್ದೋನು ಇನ್ನ ಬರಾಕಿಲ್ಲ."

ಅಣ್ಣ ಊರಲ್ಲಿರಲಿಲ್ಲ. ನಾನು ರಜಕ್ಕೆ ಬಂದಿದ್ದೆ. "ನಾನೇ ಹೋಗಿ ಹೇಳ್ತೀನಿ, ನಡಿ" ಎಂದು ಅತ್ತಿಗೆ ಅದೇ ನಿಮಿಷ, ನಾನು ಆಗಷ್ಟೇ ಕೊಂಡಿದ್ದ ಬೈಕಿನ ಹಿಂದೆ ಹತ್ತಿದರು. ನಂಜನಗೂಡಿನಲ್ಲಿ ನಿಲ್ಲಿಸಿ ಒಂದು ಚಿಪ್ಪು ಬಾಳೆಹಣ್ಣು ಕೊಂಡರು.

ಸಿದ್ದೇಗೌಡರು ಜಗಲಿಯಲ್ಲಿ ಹಸುವಿನ ಹಗ್ಗ ಹೊಸೆಯುತ್ತಿದ್ದರು. ತಲೆ ಎತ್ತದೆ ಕೇಳಿದರು: "ನನ್ ಮಖ ಬ್ಯಾಡ ಅಂತ ಯಾರವ್ವ ಏಳಿದ್ದು?"

"ಯಾರೂ ಹೇಳ್ಲಿಲ್ಲ ಗೌಡ್ರೇ. ತಪ್ಪು ನಂದು. ಎರಡು ಕಡೆ ಇಡ್ಬೇಕಿತ್ತು, ಒಂದೇ ಕಡೆ ಇಟ್ಟಿದ್ದೆ. ನಿಮ್ಮ ತಮ್ಮ ನಿಮ್ಮ ಮುಖ ಹೋಯ್ತಲ್ಲ ಅಂತ ನಮ್ಮಂಗ್ಡಿ ಬೆಂಚಿನ ಮೇಲೆ ಕೂತು ಅತ್ರು."

ಪುಟ್ಟೇಗೌಡರು ಅತ್ತರೋ ಬೆವರು ಒರೆಸಿಕೊಂಡರೋ ನಾನು ಹೇಳಲಾರೆ. ಆದರೆ ಅತ್ತಿಗೆ ಹೇಳಿದ 'ತಪ್ಪು ನಂದು' — ಅದು ಅವರದಾಗಿರಲಿಲ್ಲ. ನಮ್ಮ ಮೈದುನ ಬೇಡ ಅಂದ ಎಂದು ಒಂದು ಮಾತು ಹೇಳಬಹುದಿತ್ತು, ನಾನು ಪಕ್ಕದಲ್ಲೇ ನಿಂತಿದ್ದೆ. ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಬಾಳೆಹಣ್ಣಿನ ಚೀಲ ಹಿಡಿದುಕೊಂಡು ನಿಂತೇ ಇದ್ದೆ.

ಸಿದ್ದೇಗೌಡರು ಹಗ್ಗವನ್ನು ಪಕ್ಕಕ್ಕಿಟ್ಟರು. ಆಮೇಲೆ ಒಳಗೆ ತಿರುಗಿ, "ನೀರ್ ತಕ್ಕಬಾಮ್ಮಿ" ಎಂದು ಹೆಂಡತಿಯನ್ನು ಕೂಗಿದರು. "ಅಂಗಾರೆ ಇನ್ನೊಂದ್ ಸಲ ನಿಂತ್ಕತೀನಿ. ಅದಕ್ಕೇನಂತೆ? ಅವನ್ಗೂ ಏಳು, ಅದೇ ಅಂಗಿ ಇಕ್ಕಳ್ಳಿ."

ಮುಂದಿನ ಭಾನುವಾರ ಮುಡುಕುತೊರೆಯ ಆ ಮನೆಯ ಅಂಗಳದಲ್ಲಿ ಮದುವೆಯ ಒಂದು ಚೂರು ಮತ್ತೆ ನಡೆಯಿತು. ಮದುವೆಯಾಗಿ ಮೂರು ತಿಂಗಳಾಗಿದ್ದ ಹೆಣ್ಣು ಧಾರೆ ಸೀರೆ ಉಟ್ಟಳು. ಗಂಡು ಸೂಟು ಹಾಕಿಕೊಂಡು ಬಿಸಿಲಲ್ಲಿ ಬೆಂದ. ಅಣ್ಣತಮ್ಮಂದಿರು ಅದೇ ಅಂಗಿ, ಅದೇ ಶಲ್ಯದಲ್ಲಿ ಪಕ್ಕಪಕ್ಕ ನಿಂತರು. ಕ್ಯಾಮೆರಾ ಅತ್ತಿಗೆಯೇ ಹಿಡಿದರು, "ಇನ್ನೊಂಚೂರು ಹತ್ರ ನಿಂತ್ಕಳಿ ಗೌಡ್ರೇ" ಎಂದು ಎರಡು ಸಲ ಹೇಳಿದರು. ಲೈಟು ಹಿಡಿದವನು ನಾನು. ಮದುವೆಯ ದಿನ ಊಟ ಮಾಡದೆ ಹೊರಟಿದ್ದ ಸಿದ್ದೇಗೌಡರು ಅವತ್ತು ತಮ್ಮನ ಮನೆಯಲ್ಲಿ ಮುದ್ದೆ ಉಂಡು, ಸಂಜೆಯವರೆಗೂ ಇದ್ದು ಹೋದರು. ಈಗಲೂ ಬಂದು ಹೋಗುತ್ತಿದ್ದಾರೆ.

ಕೊನೆಗೆ ಒಳ್ಳೆಯದೇ ಆಯಿತಲ್ಲ ಎಂದು ಎಷ್ಟೋ ಸಲ ಮನಸ್ಸಿಗೆ ಹೇಳಿಕೊಂಡಿದ್ದೇನೆ. ಹಾಗೆ ಹೇಳಿಕೊಳ್ಳುವ ಹಕ್ಕು ನನಗಿಲ್ಲ. ಒಳ್ಳೆಯದು ಮಾಡಿದವರು ಅತ್ತಿಗೆ ಮತ್ತು ಆ ಯಜಮಾನರು. ಮದುವೆಯ ವಿಡಿಯೋ ಕಳೆದುಹೋದ ಸುದ್ದಿ ಮೈಸೂರಿಗೂ ಮುಟ್ಟಿ, ಅಲ್ಲಿನ ಸ್ಟುಡಿಯೋ ಅತ್ತಿಗೆಗೆ ಕೆಲಸ ಕಳಿಸುವುದನ್ನು ನಿಲ್ಲಿಸಿತು. ಯಾವ ಕೆಲಸಕ್ಕಾಗಿ ಆ ಕಂಪ್ಯೂಟರ್ ಕೊಂಡಿದ್ದರೋ ಅದೇ ಕೈತಪ್ಪಿತು. ಮತ್ತೆ ಹೆಸರು ಗಳಿಸಲು ಅವರಿಗೆ ಮೂರು ವರ್ಷ ಬೇಕಾಯಿತು.

ತಾಂಡವಪುರದಿಂದ ವಾಪಸ್ ಬರುವಾಗ ಬೈಕಿನ ಹಿಂದಿನಿಂದ ಅತ್ತಿಗೆ ಹೇಳಿದ್ದರು: "ನೀನ್ಯಾಕೋ ಮುಖ ಸಣ್ಣ ಮಾಡ್ಕೊಂಡಿದ್ದೀಯ? ನಿಂಗೂ ಗೊತ್ತಿರ್ಲಿಲ್ಲ ತಾನೆ?"

"ಹೂಂ" ಎಂದೆ.

ಪಟ್ಟಿಯಲ್ಲಿ ಎರಡು ಸಾಲು ಹೊಡೆದುಹಾಕಿದ್ದಕ್ಕಿಂತ ಆ ಒಂದು ಹೂಂ ನನ್ನನ್ನು ಹೆಚ್ಚು ಕಾಡಿದೆ. ಮರುವರ್ಷ ನನಗೆ ಕಾಮಾಲೆಯಾಯಿತು. ಅತ್ತಿಗೆ ನನ್ನನ್ನು ಮನೆಗೆ ಕರೆಸಿಕೊಂಡು, ನೆಲನೆಲ್ಲಿ ಅರೆದು ಕುಡಿಸಿ, ಮಜ್ಜಿಗೆ ಅನ್ನ ಕಲೆಸಿ ಕೊಟ್ಟು ಇಪ್ಪತ್ತು ದಿನ ನೋಡಿಕೊಂಡರು. ಬೇಜಾರಾದರೆ ಆಡಿಕೊಳ್ಳಲಿ ಎಂದು ನನ್ನ ಹಾಸಿಗೆಯನ್ನು ಕಂಪ್ಯೂಟರಿನ ಕೋಣೆಯಲ್ಲೇ ಹಾಸಿದರು. ನಾನು ಆಡಲಿಲ್ಲ. ಆ ದೀಪಗಳು ಉರಿಯುವುದನ್ನು ನೋಡುತ್ತ ಮಲಗಿರುತ್ತಿದ್ದೆ, ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ಅನ್ನದ ತಟ್ಟೆ ತರುತ್ತಿದ್ದರು, ಮಾತು ಹಾಗೇ...

ಹೋದ ವಾರ ಅತ್ತಿಗೆಯ ಫೋನು ಬಂತು. ಹಳೆಯ ಕಂಪ್ಯೂಟರ್ ಇನ್ನು ಎಳೆಯುವುದಿಲ್ಲ, ಹೊಸದು ಕೊಳ್ಳಬೇಕು. "ನೀನೇ ಪಟ್ಟಿ ಬರ್ಕೊಡು ಮಾದೇಶ. ನಂಗೆ ಕೆಲ್ಸಕ್ಕೂ ಆಗ್ಬೇಕು, ರಜಕ್ಕೆ ಬಂದ್ರೆ ನಿಂಗೆ ಆಡಕ್ಕೂ ಆಗ್ಬೇಕು, ಅಂತಾದ್ದು ನೋಡು. ಹೋದ್ಸಲವೇ ಹಂಗೆ ಹೇಳ್ಬೇಕು ಅಂತಿದ್ದೆ, ನೀನು ನಾಚ್ಕೋತೀಯ ಅಂತ ಸುಮ್ನಾದೆ."

ಜೊತೆಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಆ ಲಗ್ನಪತ್ರಿಕೆಯ ಕವರು, ಏಳು ವರ್ಷ ಜೋಪಾನವಾಗಿ ಇಟ್ಟಿದ್ದಾರೆ. ನಾನು ಹೊಡೆದುಹಾಕಿದ ಎರಡು ಸಾಲು ಗೀಟಿನ ಕೆಳಗೆ ಸ್ಪಷ್ಟವಾಗಿ ಓದಲು ಬರುತ್ತವೆ.

ಅಂದರೆ, ಕೇಳಿದ್ದರೆ ಕೊಡುತ್ತಿದ್ದರು. ಕೇಳದೆಯೇ ಕೊಡುವವರಿದ್ದರು. ಅಂಥವರ ಮನೆಯಲ್ಲಿ ನಾನು ಕದ್ದೆ.

ಅತ್ತಿಗೆ, ಹೊಸ ಪಟ್ಟಿ ಈ ಕಾಗದದ ಕೆಳಗಿದೆ. ಮೊದಲ ಸಾಲಿನಲ್ಲೇ ಎರಡು ಡಿಸ್ಕ್ ಬರೆದಿದ್ದೇನೆ. ಮನೆಯಿಂದ ಹೊರಗಿಡಲು ಮೂರನೆಯದೂ ಒಂದಿರಲಿ. ಮೆಮೊರಿ ತುಂಬ ಬರೆದಿದ್ದೇನೆ. ಗಾಜಿಲ್ಲದ, ಧೂಳು ಕೂರದ ಕ್ಯಾಬಿನೆಟ್ — ಅವತ್ತು ನೀವು ಹುಡುಕಿದಂಥದ್ದೇ. ಗ್ರಾಫಿಕ್ಸ್ ಕಾರ್ಡ್ ನಿಮ್ಮ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ. ನನಗೆ ಆಡಲು ಅಷ್ಟು ಧಾರಾಳ ಸಾಕು, ಅದನ್ನೂ ನೀವು ಈಗಲೂ ಆಡು ಎಂದರೆ ಮಾತ್ರ. ಇದನ್ನು ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ, ನೀವು ಓದಿ ಮುಗಿಸುವವರೆಗೆ ಎದುರಿಗೇ ಇರುತ್ತೇನೆ. ಅಲ್ಲಿಂದ ತಾಂಡವಪುರಕ್ಕೆ ಹೋಗಿ ಸಿದ್ದೇಗೌಡರಿಗೂ ಹೇಳಿ ಬರುತ್ತೇನೆ. ಅವತ್ತು ನೀವು ನನ್ನ ಎದುರಿಗೆ ಹೊತ್ತುಕೊಂಡ ತಪ್ಪನ್ನು ಅದೇ ಜಗಲಿಯಲ್ಲಿ ನಾನು ನಿಮ್ಮಿಂದ ಇಳಿಸಿಕೊಳ್ಳಬೇಕು.

ಇಷ್ಟೆಲ್ಲ ಓದಿದ ಮೇಲೆ ಪಟ್ಟಿಯನ್ನು ಬೇರೆಯವರಿಗೆ ತೋರಿಸಿ ಕೇಳಬೇಕು ಅನ್ನಿಸಿದರೆ, ದಯವಿಟ್ಟು ಕೇಳಿ. ಸಾಮಾನು ಹೊರಲು ನಾನು ಬರುತ್ತೇನೆ.