ಬಾಣಂತಿ ಕೋಣೆಯ ಅಕ್ಕಿಮೂಟೆ

ಸಿಂಗಪುರಕ್ಕೆ ಬಂದ ಮೊದಲ ವಾರವೇ ಅಂಗಡಿಯವನೊಬ್ಬ ನನ್ನನ್ನು ಪೊಲೀಸರಿಗೆ ಕೊಡುವುದರಲ್ಲಿದ್ದ. ನಾನು ಕೇಳಿದ್ದು ನುಸಿ ಸಾಯಲೆಂದು ಅಕ್ಕಿಮೂಟೆಗೆ ಹಾಕುವ ನಾಲ್ಕು ಗುಳಿಗೆ, ಅಷ್ಟೆ.

ಶಿರಾಳಕೊಪ್ಪದಲ್ಲಿ ಭತ್ತ, ಮೆಕ್ಕೆಜೋಳದ ದಲ್ಲಾಳಿಯಾಗಿ ಬೆಳೆದವನು ನಾನು. ಇಲ್ಲಿ ತಮಿಳು ಮಾಲೀಕರೊಬ್ಬರ ಅಕ್ಕಿ ಗೋದಾಮಿನಲ್ಲಿ ಕೆಲಸ. ಮೂಟೆಯಲ್ಲಿ ನುಸಿ ಕಂಡಿತು. ಮಾಲೀಕರ ಮೆಚ್ಚುಗೆ ಗಳಿಸೋಣವೆಂದು ಯಾರನ್ನೂ ಕೇಳದೆ ಹೊರಟೆ. ಚೀನೀ ಅಂಗಡಿಯಾತ ‘ತಾ ಬೋಲೆ’ ಎಂದ. ಮಲಯ ಮಾತು, ಕೂಡದು ಎಂದರ್ಥ. ನಮ್ಮಲ್ಲಿ ‘ಆಗಲ್ಲ’ ಅಂದಮೇಲಲ್ಲವೇ ಚೌಕಾಸಿ ಶುರುವಾಗುವುದು? ನಾಲ್ಕು ಬೇಡ, ಡಬ್ಬಿಯನ್ನೇ ಒಯ್ಯುತ್ತೇನೆ ಎಂದೆ. ಆತ ಫೋನಿಗೆ ಕೈ ಹಾಕಿದ. ಮಾಲೀಕರು ಬಂದು ಕೈಮುಗಿದು ನನ್ನನ್ನು ಬಿಡಿಸಿಕೊಂಡರು. ಹೊರದೇಶಕ್ಕೆ ಹೋಗುವವರಿಗೆ ನನ್ನ ಮೊದಲ ಬುದ್ಧಿಮಾತು ಇದು: ಈ ಊರಲ್ಲಿ ಮೀನಿಗೆ ಚೌಕಾಸಿ ಮಾಡಿ, ಬಟ್ಟೆಗೆ ಮಾಡಿ. ವಿಷಕ್ಕೆ ಬೇಡ.

ಆ ಗುಳಿಗೆಯನ್ನು ಇಲ್ಲಿ ಮುಟ್ಟಬೇಕಾದರೆ ತರಬೇತಿ ಪಡೆದು ಪರವಾನಗಿ ತೆಗೆದುಕೊಂಡಿರಬೇಕು. ನಮ್ಮ ಗೋದಾಮಿಗೂ ಅಂಥವರೇ ಬಂದರು. ಮೂಟೆಗಳಿಗೆ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮರಳಿನ ಚೀಲ ಒತ್ತಿ, ಬಾಗಿಲಿಗೆ ತಲೆಬುರುಡೆಯ ಹಲಗೆ ತೂಗುಹಾಕಿ ನಮ್ಮನ್ನೆಲ್ಲ ಹೊರಗಟ್ಟಿದರು. ಬೀಗ ತೆಗೆದ ದಿನವೂ ಮುಖವಾಡ ಹಾಕಿಕೊಂಡು ಒಳಗೆ ಗುಳಿಗೆಯ ವಿಷಗಾಳಿ ಉಳಿದಿದೆಯೇ ಎಂದು ಮೊದಲು ಪರೀಕ್ಷೆ ಮಾಡಿದರು. ನನಗೆ ನಗು. ಊರಲ್ಲಿ ಅದನ್ನೇ ಹಳೇ ಬಟ್ಟೆಗೆ ಕಟ್ಟಿ ಮೂಟೆಯ ನಡುವೆ ಸಿಕ್ಕಿಸಿ, ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತೇವಲ್ಲ!

ಮೇಲೊಂದು ಕೆಳಗೊಂದು ಮಂಚ ಜೋಡಿಸಿದ ಕೋಣೆ, ರೊಟ್ಟಿ ಕಾಣದ ಊಟ, ಸುತ್ತಲೂ ತಮಿಳು. ಭಾನುವಾರದ ಫೋನೊಂದೇ ನನ್ನ ಪಾಲಿನ ಕನ್ನಡ. ಊರಲ್ಲಿ ಅಕ್ಕ ಗಿರಿಜಾಳ ಮನೆಯ ಎದುರಿಗೇ ಬಸಣ್ಣನ ದಿನಸಿ ಅಂಗಡಿ. ಅಲ್ಲಿಗೆ ಮಾಡಿದರೆ ಕೂಗಿ ಕರೆಯುತ್ತಿದ್ದ. ಸೊರಬಕ್ಕೆ ಕೊಟ್ಟಿದ್ದ ಅಕ್ಕನ ಮಗಳು ಸುಮಾ ಆಗ ಹೆರಿಗೆಗೆ ತವರಿಗೆ ಬಂದಿದ್ದಳು. ಹಸಿ ಬಾಣಂತಿ, ಗಂಡು ಕೂಸು.

“ಏನ್ರೀ ಸಿಂಗಪುರದ ಸಾವ್ಕಾರ್ರೆ, ಹಡಗು ಗಿಡಗು ಕೊಂಡ್ರೋ ಇಲ್ಲೋ?” ಎಂದು ಆ ಭಾನುವಾರವೂ ಬಸಣ್ಣ ನಕ್ಕು ಅಕ್ಕನಿಗೆ ಫೋನು ಕೊಟ್ಟ.

“ಸುಮಾಗೆ ನಿನ್ನೆಯಿಂದ ತಲೆಶೂಲಿ, ವಾಂತಿ ಕಣೋ ತಮ್ಮಾ. ಕೂಸೂ ಹಾಲು ಹಿಡೀವಲ್ದು. ಶೀತ ಹೊಡೆದೈತಿ. ಕಿಟಕಿಗೆ ಗೋಣಿತಾಟು ಹೊಡ್ದು ಬಿಗಿ ಮಾಡೇವಿ.”

“ಯಾವ ಕೋಣೆ?”

“ಅಕ್ಕಿ ಕೋಣೆ. ಬಾಣಂತಿಗೆ ಬೆಚ್ಚಗಿರಬೇಕಲ್ಲ.”

ಗೋದಾಮಿನ ಬಾಗಿಲಿನ ತಲೆಬುರುಡೆ ನೆನಪಾಯಿತು. “ಅಕ್ಕಿಗೆ ಗುಳಿಗೆ ಹಾಕೀಯಾ?”

“ಹಾಕದೆ? ಮೊನ್ನೆ ಬಸಣ್ಣನ ಹತ್ರಾನೇ ತಂದೆ.”

“ಅಕ್ಕಾ, ಈಗಿಂದೀಗ್ಲೇ ಇಬ್ರನ್ನೂ ಹೊರಗೆ ಕರ್ಕೊಂಡು ಬಾ. ಆಸ್ಪತ್ರೆಗೆ ಹೋಗು.”

“ಹಸಿ ಮೈಗೆ ಗಾಳಿ ತಾಗಿಸ್ಲಾ? ಬೀಗರು ನನ್ನ ಸುಮ್ನೆ ಬಿಡ್ತಾರೇನು?”

“ಬೀಗರು ಕೇಳಿದ್ರೆ ನನ್ನ ಹೆಸರು ಹೇಳು. ತಮ್ಮ ಹಟ ಹಿಡಿದ ಅನ್ನು. ಫೋನು ಬಸಣ್ಣಗೆ ಕೊಡು.”

ಬಸಣ್ಣ ರೇಗಿದ. “ಅಂಗಡಿ ಇಟ್ಟಾಗಿಂದ ಮಾರ್ತಾ ಇದೀನಿ. ಯಾರು ಸತ್ತಾರೆ ಹೇಳ್ರೀ? ಅಲ್ಲಿ ಕುಂತು ನನ್ನ ಹೆಸರು ಕೆಡಿಸ್ತೀರಾ?”

“ಆಮೇಲೆ ಬೈಯೋ ಮಾರಾಯ. ಮೊದ್ಲು ಹೋಗಿ ಆ ಕೋಣೆ ಬಾಗ್ಲು ತೆಗಿ!”

ಹೋದ. ಅಂಗಡಿ ಹಾಗೇ ಬಿಟ್ಟು ಓಡಿ ಹೋಗಿ, ತಾಯಿಮಗುವನ್ನು ಜೀಪಿಗೆ ಹತ್ತಿಸಿದ್ದೇ ಅವನು. ಆ ಉಪಕಾರ ಮರೆಯುವವನಲ್ಲ ನಾನು. ಸುಮಾ ಉಳಿದಳು. ಕೂಸು ಶಿಕಾರಿಪುರ ದಾಟುವಷ್ಟರಲ್ಲಿ ತಣ್ಣಗಾಗಿತ್ತು.

ಶಿವಮೊಗ್ಗದ ವೈದ್ಯರು ಗುಳಿಗೆಯ ವಿಷಗಾಳಿ ಎಂದು ಸ್ಪಷ್ಟವಾಗಿ ಹೇಳಿದರಂತೆ. ಆದರೆ ಊರು ಬೇರೆಯೇ ತೀರ್ಪು ಕೊಟ್ಟಿತು. ಬೆಚ್ಚಗೆ ಮಲಗಿದ್ದ ಬಾಣಂತಿಯನ್ನು ಪರದೇಶದಲ್ಲಿ ಕುಳಿತ ಮಾಮ ಫೋನಿನಲ್ಲೇ ಗಾಳಿಗೆ ಎಬ್ಬಿಸಿದ. ಗಾಳಿ ತಾಗಿ ಕೂಸು ಹೋಯಿತು. ಸೊರಬದ ಬೀಗರು ಇವತ್ತಿಗೂ ಹಾಗೆಯೇ ಅನ್ನುತ್ತಾರೆ. ರಜೆಗೆ ಊರಿಗೆ ಹೋದಾಗ ಅವರ ಮನೆಗೂ ಹೋದೆ. ಸುಮಾಳ ಅತ್ತೆ ಹೊಸ್ತಿಲಲ್ಲೇ ನಿಂತು, “ನಿಮ್ಮ ಕಾಲಿಗೆ ಬೀಳ್ತೀನಿ, ಈ ಮನೀಗೆ ಬರಬ್ಯಾಡಿ” ಎಂದರು. ನೀರು ಬೇಕೇ ಎಂದೂ ಕೇಳಲಿಲ್ಲ.

ನಮ್ಮ ದೇಶದಲ್ಲಿ ಕಾನೂನಿಲ್ಲವೆಂದು ತಿಳಿಯಬೇಡಿ. ಸಿಕ್ಕಸಿಕ್ಕವರಿಗೆ ಮಾರಕೂಡದೆಂದು ನಮ್ಮಲ್ಲೂ ಇದೆ. ಎಚ್ಚರಿಕೆ ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. ಆದರೆ ನಾವು ಕೊಳ್ಳುವುದು ಬಿಡಿಯಾಗಿ, ಕಾಗದದಲ್ಲಿ ಸುತ್ತಿದ್ದನ್ನು. ಗಿರಾಕಿಗೆ ಡಬ್ಬಿಯೇ ಕಾಣುವುದಿಲ್ಲ. ಇಲ್ಲಿ ಕಾನೂನು ಅಂಗಡಿಯ ಕಟ್ಟೆಯ ಮೇಲೇ ಕುಳಿತಿದೆ. ಅಲ್ಲಿ ಡಬ್ಬಿಯ ಜೊತೆ ಕಸದ ಬುಟ್ಟಿಗೆ ಹೋಗುತ್ತದೆ. ಎರಡು ದೇಶಕ್ಕೂ ಇರುವ ಅಂತರ ಅಷ್ಟೇ, ಅದರಲ್ಲೇ ಒಂದು ಕೂಸು ಹೋಯಿತು.

ಈಗ ನಾನೂ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದಿದ್ದೇನೆ. ನಾನು ಕೈ ಅಡ್ಡ ಹಿಡಿದರೆ ಇಲ್ಲಿ ಮಾಲೀಕರೂ ಬಾಗಿಲ ಹೊರಗೆ ನಿಲ್ಲುತ್ತಾರೆ.

ಹೋದ ತಿಂಗಳು ಗೋದಾಮಿಗೆ ಫೋನು ಬಂತು. ಸುಮಾ. ಸೊರಬದ ಫೋನ್ ಬೂತಿನಿಂದ.

“ಮಾಮಾ, ಮತ್ತೆ ದಿನ ತುಂಬ್ತಾ ಬಂದೈತಿ. ಈ ಸಲ ತವರಿಗೆ ಕಳಿಸಲ್ಲ ಅಂದಾರೆ. ಇಲ್ಲೂ ಅಕ್ಕಿ ಕೋಣೆಯಾಗೇ ಹಾಸಿಗೆ, ಮೂಟೆಗೆ ಅದೇ ಗುಳಿಗೆ. ನಾ ಹೇಳಿದ್ರೆ, ನಿನ್ನ ಮಾಮ ಹೇಳಿಕೊಟ್ಟನೇನು ಅಂತಾರೆ. ಏನ್ ಮಾಡ್ಲಿ?”

 ಹಠ ಮಾಡು, ಹಜಾರದಲ್ಲಿ ಮಲಗು ಎಂದೆ. ಬೂತಿನಲ್ಲಿ ಯಾರೋ ಅವಸರಪಡಿಸಿದರು, ಇಟ್ಟುಬಿಟ್ಟಳು.

ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ನನ್ನ ಮಾತಿಗೆ ಬೆಲೆಯಿರುವ ಊರಿನಲ್ಲಿ ನನ್ನವರು ಯಾರೂ ಇಲ್ಲ. ನನ್ನವರಿರುವ ಮನೆಯೊಳಗೆ ನನಗೆ ಕಾಲಿಡುವ ಹಾಗಿಲ್ಲ. ಸೊರಬದ ಅತ್ತೆಯವರೇ, ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಬೈಯುತ್ತಲೇ ಆ ಮೂಟೆಗಳನ್ನು ಮನೆಯಿಂದ ಹೊರಗೆ ಹಾಕಿಸಿ.