ಹಾಳೆ ಮರಕ್ಕೆ ಕಲ್ಲೇ ಯಾಕೆ?

ಮೊನ್ನೆ ಆಟಿ ಅಮಾವಾಸ್ಯೆಯ ಬೆಳಿಗ್ಗೆ ನಾನು ನನ್ನ ಮಾವನ ಕೈಯಿಂದ ಕಷಾಯದ ಲೋಟ ಕಸಿದುಕೊಂಡೆ. ಲೋಟದ್ದನ್ನೂ ಪಾತ್ರೆಯದ್ದನ್ನೂ ಅಂಗಳದ ಬದಿಗೆ ಚೆಲ್ಲಿಬಿಟ್ಟೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವರೆದುರು ದನಿ ಎತ್ತಿದವಳೇ ಅಲ್ಲ ನಾನು.

ಈಗ ನಮ್ಮ ಊರು ಮಂಡೆಕೋಲಿನಿಂದ ಜಾಲ್ಸೂರಿನ ಬಸ್ ಸ್ಟ್ಯಾಂಡಿನವರೆಗೆ ಅದೇ ಸುದ್ದಿ. ಒಬ್ಬೊಬ್ಬರು ಒಂದೊಂದು ರೆಕ್ಕೆ ಕಟ್ಟುವ ಮೊದಲು ನಾನೇ ಹೇಳಿಬಿಡುತ್ತೇನೆ.

ಘಟ್ಟದ ಮೇಲಿನ ಓದುಗರಿಗೆ ಎರಡು ಮಾತು. ಆಟಿ ಅಮಾವಾಸ್ಯೆ, ಅಂದರೆ ನಿಮ್ಮ ಆಷಾಢದ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಖಾಲಿ ಹೊಟ್ಟೆಗೆ ಹಾಳೆ ಮರದ, ಅಂದರೆ ಸಪ್ತಪರ್ಣಿಯ, ತೊಗಟೆಯ ಕಷಾಯ ಕುಡಿಯುವುದು ನಮ್ಮಲ್ಲಿ ಕ್ರಮ. ಕಾಗೆ ಕೂಗುವ ಮೊದಲು ಮನೆಯ ಗಂಡಸೊಬ್ಬ ಹೋಗಿ ತೊಗಟೆ ತರಬೇಕು. ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. (ಹಿಂದೆ ಬತ್ತಲೆ ಹೋಗಬೇಕಿತ್ತಂತೆ. ಆ ಒಂದು ವಿಷಯದಲ್ಲಿ ನಮ್ಮ ಗಂಡಸರು ಯಾರೂ ಹೇಳದೆಯೇ ಸುಧಾರಣೆ ತಂದುಕೊಂಡಿದ್ದಾರೆ.)

ಕಲ್ಲೇ ಯಾಕೆ? ಮದುವೆಯಾದ ವರ್ಷವೇ ಕೇಳಿದ್ದೆ. ಹೈಸ್ಕೂಲಿನಲ್ಲಿ ಸೈನ್ಸ್ ಕಲಿಸುವವಳು ಕೇಳದೆ ಇರುವುದು ಹೇಗೆ?

"ಅದೆಲ್ಲ ಕೇಳುದಲ್ಲ. ಹಿರಿಯರು ಮಾಡಿಕೊಂಡು ಬಂದದ್ದು" ಎಂದರು ಮಾವ. "ಕಬ್ಬಿಣ ತಾಗಿದ್ರೆ ಮದ್ದು ವಿಷ ಆಗ್ತದೆ" ಎಂದರು ಅತ್ತೆ. ಪ್ರತಿ ವರ್ಷ ಕೇಳಿದೆ, ಪ್ರತಿ ವರ್ಷ ಇದೇ ಉತ್ತರ. ಕೊನೆಗೆ ಕಳೆದ ಆಟಿಯಲ್ಲಿ ಇದೇ ಅಂಕಣದಲ್ಲಿ ಬರೆದೆ, ನಿಮಗೆ ನೆನಪಿರಬಹುದು. ಕಬ್ಬಿಣಕ್ಕೂ ತೊಗಟೆಗೂ ಏನೂ ಜಗಳವಿಲ್ಲ, ಕತ್ತಿಯಲ್ಲೇ ಕೆತ್ತಿ ಬೇಗ ಮನೆಗೆ ಬನ್ನಿ ಎಂದು ಚೆನ್ನಾಗಿ ನಗಾಡಿದ್ದೆ. ಮೂರು ನಾಲ್ಕು ಜನ ಭೇಷ್ ಎಂದು ಕಾರ್ಡು ಹಾಕಿದ್ದರು. ನಾನೂ ಉಬ್ಬಿದ್ದೆ.

ಯಾವಾಗಲೂ ತೊಗಟೆ ತರುವವರು ಮಾವನೇ. ಈ ಸಲ ಅವರಿಗೆ ಮೊಣಕಾಲು ನೋವು. (ನನ್ನ ಯಜಮಾನರು ಕೆಲಸದ ಮೇಲೆ ಕಡಬದಲ್ಲಿದ್ದರು. ಇದ್ದಿದ್ದರೂ ಅವರು ಅಪ್ಪನ ಕಡೆಯೇ, ಬಿಡಿ.) ಪುತ್ತೂರಿನ ಬ್ಯಾಂಕಿನಲ್ಲಿರುವ ಮೈದುನ ವಸಂತ ರಜೆ ಹಾಕಿ ಬಂದಿದ್ದ, ಅವನು ಟಾರ್ಚ್ ಹಿಡಿದು ಹೋದ. ಕಾಲು ಗಂಟೆಯೊಳಗೆ ತೊಗಟೆಯ ಕಟ್ಟು ಅಡುಗೆಮನೆಯಲ್ಲಿತ್ತು.

ಬೆಳ್ಳುಳ್ಳಿ, ಓಮ, ಕಾಳುಮೆಣಸಿನ ಜೊತೆ ಅದನ್ನು ಅರೆದವಳು ನಾನು. ಅತ್ತೆ ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬೆಣಚು ಕಲ್ಲನ್ನು ಅದಕ್ಕೆ ಹಾಕಿ ಚೊಂಯ್ ಎನ್ನಿಸಿದರು. ಮೊದಲ ಲೋಟ ಮಾವನಿಗೆ. ಅದರ ಪಕ್ಕದಲ್ಲಿ ನನ್ನ ಆರು ವರ್ಷದ ಮಗಳ ಪುಟ್ಟ ಲೋಟ.

ನಾನು ಕೈ ತೊಳೆಯಲು ತೆಂಗಿನೆಣ್ಣೆ ತೆಗೆದುಕೊಂಡು ಹೋದೆ. ಎಣ್ಣೆ ಹಚ್ಚಿ ಉಜ್ಜದೆ ಹಾಳೆ ಮರದ ಹಾಲು ಬೆರಳು ಬಿಡುವುದಿಲ್ಲ. ಈ ಸಲ ನೀರು ಬಿದ್ದದ್ದೇ ಕೈ ಚೊಕ್ಕವಾಯಿತು. ಅಂಟೇ ಇಲ್ಲ. ಹಾಲಿಲ್ಲದ ಹಾಳೆ ಮರ ಎಲ್ಲಾದರೂ ಉಂಟೆ?

"ವಸಂತ, ಜಜ್ಜುವಾಗ ಹಾಲು ಬಂತಾ?"

"ನಾನೆಲ್ಲಿ ಜಜ್ಜಿದ್ದು ಅತ್ತಿಗೆ? ಕತ್ತಿಯಲ್ಲಿ ಕೆತ್ತಿ ತಂದದ್ದು. ನೀವೇ ಪೇಪರಲ್ಲಿ ಬರ್ದದ್ದಲ್ವಾ?"

ನಮ್ಮ ಗುಡ್ಡದಲ್ಲಿ ಕಾಸರಕದ ಮರವೂ ಉಂಟು. ಅದರ ತೊಗಟೆಯೂ ಕಹಿ, ಹಾಳೆಯದ್ದೂ ಕಹಿ. ಆದರೆ ಕಾಸರಕ ಕುಡಿದವರು ಮೈ ಸೆಟೆದು ಸಾಯುತ್ತಾರೆ.

"ಮಾವ, ಕುಡೀಬೇಡಿ."

"ಎಂತ ನಿಂದು? ಆಟಿ ಮದ್ದು ಕೈಗೆ ತಕ್ಕೊಂಡ ಮೇಲೆ ಕೆಳಗಿಡುದುಂಟಾ?" ಎಂದು ಅವರು ಲೋಟ ಎತ್ತಿಯೇಬಿಟ್ಟರು.

ಆಮೇಲಿನದ್ದು ಆಗಲೇ ಹೇಳಿದ್ದೇನೆ. ಮಗಳ ಪುಟ್ಟ ಲೋಟವನ್ನೂ ಬಿಡದೆ ಚೆಲ್ಲಿದೆ. ಅತ್ತೆ ತಲೆಯ ಮೇಲೆ ಕೈಹೊತ್ತು ಕೂತರು. ಮಾವ ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡು ಜಗಲಿಯಲ್ಲಿಟ್ಟರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬೆಳಕು ಹರಿದ ಮೇಲೆ ಮಾವ ಕೋಲೂರಿಕೊಂಡು ಗುಡ್ಡಕ್ಕೆ ಹೊರಟರು. ಹಿಂದೆ ನಾನು, ವಸಂತ. ಕೆತ್ತಿದ ಮರದ ಬುಡದಲ್ಲಿ ನಿಂತು ಮೇಲೆ ನೋಡಿದೆವು. ಹಾಳೆ ಮರದಲ್ಲಿ ಒಂದೇ ಗಂಟಿನ ಸುತ್ತ ಆರೇಳು ಎಲೆ ಇರುತ್ತವೆ. ಇದರಲ್ಲಿ ಎರಡೆರಡೇ. ಕೆತ್ತಿದ ಜಾಗ ಒಣಗಿಕೊಂಡಿತ್ತು. ಕಾಸರಕವೇ. ನಿಜವಾದ ಹಾಳೆ ಮರ ನಾಲ್ಕು ಮಾರು ಆಚೆ ನಿಂತಿತ್ತು.

ಮಾವ ಒಂದು ಕಲ್ಲು ಹೆಕ್ಕಿ ಅದಕ್ಕೆ ಜಜ್ಜಿದರು. ಬೆಳ್ಳಗೆ ಹಾಲು ಒಸರಿ ಅವರ ಅಂಗೈ ತುಂಬ ಅಂಟಿತು. ಬೆರಳುಗಳನ್ನು ಒತ್ತಿ, ಬಿಡಿಸಿ ನೋಡಿದರು.

"ಕತ್ತಲಲ್ಲಿ ಎಲೆ ಕಾಣುದಿಲ್ಲ. ಅಂಟು ಗೊತ್ತಾಗ್ತದೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಮಾವ?"

"ನನಗೆ ಈಗ ಹೊಳೆದದ್ದು ಮಾರಾಯ್ತಿ. ನಾನೂ ಯಾರ ಹತ್ರವೂ ಕೇಳಿದವನಲ್ಲ."

(ಕತ್ತಿ ಹಾಕಿದರೂ ಹಾಲು ಬರುತ್ತದೆ, ನಿಜ. ಆದರೆ ಕತ್ತಿಗೆ ಎರಡು ಏಟು ಸಾಕು. ಕಲ್ಲಿನಲ್ಲಾದರೆ ಇಪ್ಪತ್ತು ಸಲ ಜಜ್ಜಬೇಕು, ಅಷ್ಟರಲ್ಲಿ ಕೈ ಅಂಟದೆ ಇರುವುದಿಲ್ಲ. ಹಿರಿಯರು ಹೀಗೇ ಯೋಚಿಸಿದ್ದರು ಎಂದು ನಾನು ಆಣೆ ಹಾಕುವುದಿಲ್ಲ. ಸದ್ಯಕ್ಕೆ ನನಗೆ ಸಿಕ್ಕಿದ ಕಾರಣ ಇದು.)

ಊರಿನಲ್ಲಿ ಈಗ ಕೆಲವರಿಗೆ ಖುಷಿಯೋ ಖುಷಿ. ಟೀಚರಮ್ಮನಿಗೆ ಬುದ್ಧಿ ಬಂತಂತೆ, ಇನ್ನು ಬಾಯಿ ಮುಚ್ಚಿಕೊಂಡು ಕ್ರಮ ಪಾಲಿಸುತ್ತಾಳಂತೆ. ಇಲ್ಲ ಸ್ವಾಮಿ. ತಪ್ಪು ನನ್ನದೇ, ಒಪ್ಪಿದೆ. ಉತ್ತರ ಸಿಗದ ಪ್ರಶ್ನೆಗೆ ನಾನೇ ಒಂದು ಉತ್ತರ ಮಾಡಿ ಪೇಪರಿನಲ್ಲಿ ಹಾಕಿಸಿದೆ, ಅದನ್ನು ನಂಬಿ ವಸಂತ ಕತ್ತಿ ಹಿಡಿದ. ಮಗಳ ಆ ಪುಟ್ಟ ಲೋಟವನ್ನು ನಾನು ಯಾವತ್ತೂ ಮರೆಯುವುದಿಲ್ಲ. ಆದರೆ "ಕೇಳುದಲ್ಲ" ಎಂದು ಹನ್ನೊಂದು ವರ್ಷ ನನ್ನ ಬಾಯಿ ಮುಚ್ಚಿಸಿದ್ದು ಯಾರು? ಹಾಲು ನೋಡಲಿಕ್ಕೆ ಕಲ್ಲು ಎಂದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿದ್ದರೆ ನನಗೆ ನಗಾಡಲು ಜಾಗವೇ ಇರುತ್ತಿರಲಿಲ್ಲ. ಹೇಳುವವರು ಯಾವ ಕಾಲದಲ್ಲೋ ಹೇಳುವುದನ್ನು ಬಿಟ್ಟರು, ಕೇಳುವವರಿಗೆ ಬೈಗುಳ ಮಾತ್ರ ಉಳಿಯಿತು.

ನಿನ್ನೆ ಮಾವನ ಅಕ್ಕ ಕೆದಂಬಾಡಿಯಿಂದ ಬಂದಿದ್ದರು. ಹೆಂಗಸರು ಎಲ್ಲದಕ್ಕೂ ಯಾಕೆ ಯಾಕೆ ಎಂದು ಕೇಳುವುದರಿಂದಲೇ ಇಷ್ಟೆಲ್ಲ ಆದದ್ದಂತೆ, ನಾನು ದೈವಕ್ಕೆ ತಪ್ಪು ಕಾಣಿಕೆ ಹಾಕಬೇಕಂತೆ.

ಗೊತ್ತಿಲ್ಲದೆ ನಗಾಡಿದ್ದಕ್ಕೆ ಖಂಡಿತ ಹಾಕುತ್ತೇನೆ, ಕೇಳಿದ್ದಕ್ಕೆ ಯಾಕೆ ಹಾಕಬೇಕು ಮಾರಾಯ್ರೆ?