ಯಲ್ಲಕ್ಕ ಬಿಟ್ಟ ಹಾಳೆಗಳು

ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಮನೆ ಬಿಟ್ಟು ಅನಗವಾಡಿಯ ಪುನರ್ವಸತಿ ಕೇಂದ್ರಕ್ಕೆ ಬಂದ ಮೇಲೆ ಗಿರಿಮಲ್ಲಪ್ಪನ ಕಣ್ಣು ಪೂರ್ತಿ ಮಂಜಾದವು. ಜೀವಮಾನವಿಡೀ ಕುರಿ ಹಿಂದೆ ತಿರುಗಿದ ಮುದುಕನಿಗೆ ಕುಂತಲ್ಲೇ ಹೊತ್ತು ಹೋಗದು. ಮಗ ಶಿವಪುತ್ರ ಬೀಳಗಿಯ ಗ್ರಂಥಾಲಯದಿಂದ ಒಂದು ದಪ್ಪ ಕಾದಂಬರಿ ತಂದ. ಜಮಖಂಡಿ, ಮುಧೋಳ ಸಂಸ್ಥಾನಗಳ ಕಾಲದ ಒಬ್ಬ ಸರದಾರನ ಕಥೆ. ಓದಿ ಹೇಳುವ ಕೆಲಸ ಸೊಸೆ ಯಲ್ಲಕ್ಕನದು. ಆಕೆ ಅಂಗನವಾಡಿ ಟೀಚರು.

ಮೊದಮೊದಲು ಛಲೋ ಇತ್ತು. ಚಿಮ್ಮಡದಂಥ ಊರಿನ ಹೆಸರು ಬಂದರೆ ಮುದುಕ ಅಲ್ಲಿ ರಾತ್ರಿ ಹೊಲದಲ್ಲಿ ಕುರಿ ತರುಬಿದ್ದನ್ನು ನೆನೆಯುತ್ತಿದ್ದ. ಬರಬರುತ್ತ ಪುಸ್ತಕ ಕಲ್ಲಾಯಿತು. ಮರಾಠಿ ಬೆರೆತ ದರಬಾರಿ ಮಾತು, ಮುಗಿಯದ ವಂಶಾವಳಿ, ಒಂದೊಂದು ವಾಕ್ಯಕ್ಕೂ ಉಸಿರು ಕಟ್ಟುವುದು. ಒಂದು ಸಂಜೆ ರೊಟ್ಟಿ ಬಡಿಯುವುದು ಬಾಕಿಯಿತ್ತು. ಯಲ್ಲಕ್ಕ ನಾಲ್ಕು ಹಾಳೆ ಕೂಡಿಸಿ ಮಗುಚಿದಳು. ಮಾವನಿಗೆ ತಿಳಿಯಲಿಲ್ಲ. ಆಮೇಲೆ ಅದೇ ರೂಢಿಯಾಯಿತು.

ಕೇಳಿದ್ದನ್ನು ಗಿರಿಮಲ್ಲಪ್ಪ ಬೀರೇಶ್ವರನ ಗುಡಿಕಟ್ಟೆಯಲ್ಲಿ ಗೆಳೆಯರಿಗೆ ಹೇಳುತ್ತಿದ್ದ. ಕಟ್ಟೆಯ ಮಗ್ಗುಲಿಗೇ ಅಂಗನವಾಡಿ. ಒಂದು ದಿನ ಮಕ್ಕಳಿಗೆ ಉಪ್ಪಿಟ್ಟು ನೀಡುತ್ತಿದ್ದ ಯಲ್ಲಕ್ಕನ ಕಿವಿಗೆ ಮಾವನ ಗೆಳೆಯ ಮುತ್ತಣ್ಣನ ದನಿ ಬಿತ್ತು.

"ಅಲ್ಲೋ, ನಿನ್ನೆ ಸರದಾರನ್ನ ಮುಧೋಳದಾಗ ಸೆರಿಗೆ ಹಾಕಿದ್ರಂದಿ. ಇವತ್ತ ಜಮಖಂಡ್ಯಾಗ ಅಂವನ ಲಗ್ನಾ ಅಂತಿ. ಹೊರಗ ಹೆಂಗ ಬಂದ?"

ಎಲ್ಲರೂ ನಕ್ಕರು.

"ಅದನ್ನ ಪುಸ್ತಕದಾಗ ಬರದಿಲ್ಲೋ," ಅಂದ ಗಿರಿಮಲ್ಲಪ್ಪ. "ಬರದಿದ್ರ ನಮ್ಮ ಯಲ್ಲಕ್ಕ ಓದತಿದ್ಲು. ಆಕಿ ಒಂದ ಅಕ್ಷರ ಬಿಡಾಕಿ ಅಲ್ಲ."

ಯಲ್ಲಕ್ಕನ ಕೈಯಲ್ಲಿನ ಸೌಟು ಅಲ್ಲೇ ನಿಂತಿತು.

ಅಂದು ಸಂಜೆ ಆಕೆ ಹಿಂದಿನ ಪುಟ ತೆಗೆದು ಕುಂತಳು. "ಮಾವಾ, ನಡುವ ಹಾಳಿ ಬಿಟ್ಟು ಓದೇನ್ರಿ. ತಪ್ಪಾತು."

"ಬ್ಯಾಸರಾತು ಅಂದಿದ್ರ ನಾ ಏನ ಅಂತಿದ್ನೇನವ್ವಾ?" ಎಂದ ಮುದುಕ. ಬೈದಿದ್ದರೆ ಆಕೆಗೆ ಹಗುರಾಗುತ್ತಿತ್ತೇನೋ. "ಆಗಲಿ, ಓದು."

ಓದಿದಳು. ಸರದಾರ ಸೆರೆಯಿಂದ ಹೊರಬರುವ ಭಾಗ ಇನ್ನೂ ಕಠಿಣ. ಅರ್ಥ ಕೇಳಿದರೆ, "ನನಗೂ ತಿಳಿವಲ್ದರಿ," ಅಂದಳು. "ಹಂಗಾರ ಇನ್ನೊಮ್ಮೆ ಓದು," ಅಂದ ಮಾವ.

ಮರುದಿನ ನಳದ ಹತ್ತಿರ ಮುತ್ತಣ್ಣ ಎದುರಾದ. "ಏನವಾ, ನೀ ಓದೂ ಮುಂದ ನಿಮ್ಮ ಮಾವ ನಿದ್ದಿ ಹೊಡಿತಾನಂತ? ಅದಕಽ ಕತಿ ತಪ್ಪಿತಂತ, ಅಂವನಽ ಹೇಳಿದ," ಅಂತ ನಕ್ಕ.

ಯಲ್ಲಕ್ಕ ಖರೆ ಮಾತು ಹೇಳಬೇಕೆಂದು ಬಾಯಿ ತೆರೆದಳು. ಕೊಡ ತುಂಬಿ ಚೆಲ್ಲುತ್ತಿತ್ತು; ಎತ್ತಿಕೊಂಡು ಬಂದುಬಿಟ್ಟಳು.

ಶಿವಪುತ್ರ ಪುಸ್ತಕದ ಗಡುವನ್ನು ಎರಡು ಸಲ ಮುಂದೆ ಹಾಕಿಸಿ ಬಂದಿದ್ದಾನೆ. ಅರ್ಧ ಇನ್ನೂ ಉಳಿದಿದೆ. ಈಗ ದಿನಕ್ಕೆ ಒಂದೇ ಪುಟ ಸಾಗುತ್ತದೆ. ಹಾಳೆ ತಿರುವುವಾಗೆಲ್ಲ ಆಕೆ ಎರಡು ಅಂಟಿಕೊಂಡಿವೆಯೇನೋ ಎಂದು ಬೆರಳಿಂದ ಉಜ್ಜಿ ನೋಡುತ್ತಾಳೆ.